ತಲೆಕೆಳಗಾಗಿ ಅಂಟಿಸಿದ ಗಿಡ

ನನ್ನ ಹೆಂಡತಿಯ ಬಗ್ಗೆ ಯಾರಾದರೂ ಕೇಳಿದರೆ ನಾನು ಜೇಬಿನಿಂದ ಶುರು ಮಾಡುತ್ತೇನೆ. ನಾನು ಟೈಲರ್, ನನಗೆ ಮನುಷ್ಯರು ನೆನಪಾಗುವುದೇ ಅವರ ಬಟ್ಟೆಯಿಂದ. ಮದುವೆಗೆ ಮುಂಚೆ ಅವಳು ನನ್ನ ಅಂಗಡಿಗೆ ಬಂದದ್ದು ಒಂದು ಕೋಟು ಹೊಲಿಸುವುದಕ್ಕೆ. ಹೆಂಗಸರು ಕೋಟು ಹೊಲಿಸುವುದು ಹೊಸದೇನಲ್ಲ, ಆದರೆ ಇವಳು ಕೇಳಿದ್ದು ಕೋಟನ್ನಲ್ಲ, ಜೇಬುಗಳನ್ನು. ಎದೆಗೆರಡು, ಸೊಂಟಕ್ಕೆರಡು, ಒಳಗಡೆ ಒಂದಿಷ್ಟು, ಅದೂ ಸಾಲದೆಂದು ಬೆನ್ನ ಮೇಲೆ ಅಡ್ಡಕ್ಕೆ ಒಂದು ದೊಡ್ಡ ಜೇಬು.

"ಬೆನ್ನ ಮೇಲೆ ಜೇಬು ಯಾಕ್ರೀ? ಅಲ್ಲಿಗೆ ನಿಮ್ಮ ಕೈ ಹೋಗುತ್ತಾ?" ಎಂದೆ.

"ನನ್ನ ಕೈ ಹೋಗೋದು ಬೇಡ. ಜೊತೆಗೆ ಬಂದೋರ ಕೈ ಹೋದ್ರೆ ಸಾಕು."

"ಹಾಗಾದ್ರೆ ಅವರ ಕೋಟಿಗೇ ಹಾಕಿಸಿ."

"ಅವರು ಕೋಟು ಮರೆತು ಬರ್ತಾರೆ. ನಾನು ಬೆನ್ನು ಮರೆತು ಬರೋಕ್ಕಾಗಲ್ವಲ್ಲ."

ನನಗೆ ಸಿಟ್ಟು ಬೇಗ ಬರುತ್ತದೆ, ಇದು ಬೀದಿಗೆಲ್ಲ ಗೊತ್ತು. ಅಳತೆ ಟೇಪನ್ನು ಕೊರಳಿಗೆ ಸುತ್ತಿಕೊಂಡು, ಬೇರೆ ಅಂಗಡಿ ನೋಡಿಕೊಳ್ಳಿ ಎನ್ನುವುದರಲ್ಲಿದ್ದೆ. ಅಷ್ಟರಲ್ಲಿ ಅವಳು ನನ್ನ ಕಿಟಕಿಯ ಕುಂಡದಲ್ಲಿದ್ದ ಪುದೀನದ ಒಂದು ಕಡ್ಡಿಯನ್ನು ಚಿವುಟಿ, ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸತೊಡಗಿದಳು. "ನೋಡಿ, ದುಂಡಗಿಲ್ಲ. ನಾಲ್ಕು ಮೂಲೆ ಇದೆ. ಬೆರಳಿಗೆ ಕಟಕಟ ಅಂತ ಸಿಗುತ್ತೆ." ಕುಂಡಕ್ಕೆ ಕೈ ಹಾಕಬೇಡಿ ಎಂದು ಗದರಿಸಿ ಕಳಿಸಿದೆ. ಅವಳು ಬೀದಿಯ ತಿರುವು ದಾಟಿದ ಮೇಲೆ ಮೆಲ್ಲಗೆ ಹೋಗಿ ನಾನೂ ಒಂದು ಕಡ್ಡಿ ಹೊರಳಿಸಿ ನೋಡಿದೆ. ನಿಜವಾಗಿಯೂ ನಾಲ್ಕು ಮೂಲೆ ಇತ್ತು. ಅಷ್ಟು ವರ್ಷದಿಂದ ಅದಕ್ಕೆ ನೀರು ಹಾಕಿದವನು ನಾನು, ಮೂಲೆ ಕಂಡವಳು ಅವಳು. ಬೆನ್ನ ಜೇಬು ಹೊಲಿದೆ. ಅದಕ್ಕೆ ಮುಚ್ಚಳ ಹಾಕಿ, ಮುಚ್ಚಳಕ್ಕೆ ಗುಂಡಿಯನ್ನೂ ಇಟ್ಟೆ. ಟೈಲರ್ ಒಬ್ಬ ಕೇಳದಿದ್ದರೂ ಗುಂಡಿ ಇಟ್ಟುಕೊಟ್ಟನೆಂದರೆ ಅರ್ಥ ಮಾಡಿಕೊಳ್ಳಬೇಕು. ಅವಳು ಅರ್ಥ ಮಾಡಿಕೊಂಡಳು.

ಅವಳ ಕೆಲಸ ಒಣಗಿಸಿದ ಗಿಡಗಳ ಭಂಡಾರದಲ್ಲಿ. ಹರ್ಬೇರಿಯಂ ಎನ್ನುತ್ತಾರೆ. ಎತ್ತರದ ಕಿಟಕಿಗಳ ಹಳೆಯ ಕಟ್ಟಡ, ಒಳಗೆ ಕಾಲಿಟ್ಟರೆ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಸಾಲುಸಾಲು ಕಬ್ಬಿಣದ ಬೀರುಗಳು, ಬೀರುಗಳ ತುಂಬ ದಪ್ಪ ಹಾಳೆಗಳು, ಒಂದೊಂದು ಹಾಳೆಗೆ ಒಂದೊಂದು ಒಣಗಿದ ಗಿಡ ಅಂಟಿಸಿರುತ್ತಾರೆ. ಬೇರು ಕೆಳಗೆ, ತುದಿ ಮೇಲೆ. ಯಾವ ಗಿಡ ಯಾವ ಗಿಡಕ್ಕೆ ನೆಂಟ ಎಂದು ನೋಡಿ, ಅದನ್ನು ಅದರ ಕುಟುಂಬದಲ್ಲಿ, ಕುಟುಂಬದೊಳಗಿನ ಕುಲದಲ್ಲಿ ಸರಿಯಾಗಿ ಕೂರಿಸುವುದು ಇವಳ ಉದ್ಯೋಗ. ಅದರಲ್ಲೂ ಇವಳದು ಪುದೀನದ ಕುಟುಂಬ ಒಂದೇ. ತುಳಸಿ, ಪುದೀನ ಮತ್ತು ಅವುಗಳ ಅಣ್ಣತಮ್ಮಂದಿರು, ದಾಯಾದಿಗಳು, ದೂರದ ನೆಂಟರು, ಎಲ್ಲರೂ ಇವಳ ಸುಪರ್ದಿಗೆ.

ನನ್ನ ಅಮ್ಮನಿಗೆ ಇದು ಎಂದೂ ಒಂದು ಕೆಲಸವಾಗಿ ಕಾಣಲಿಲ್ಲ. "ಯಾರು ಯಾರ ಕಡೆಯೋರು ಅಂತ ಹೇಳೋಕ್ಕೆ ಅಷ್ಟು ಓದಬೇಕಾ? ಮುಖ ನೋಡಿದ್ರೆ ಗೊತ್ತಾಗಲ್ವಾ?" ಎಂದಳು ಸೊಸೆಗೆ.

"ಮುಖ ಒಂದೇ ತರ ಇದ್ದು ಸಂಬಂಧವೇ ಇಲ್ಲದೋರೂ ಇರ್ತಾರೆ ಅತ್ತೆ. ನಾವು ಮೋಸಹೋಗೋದು ಅಲ್ಲೇ."

"ಅದಂತೂ ನಿಜ ಕಣೇ. ನನ್ನ ಮಗನನ್ನೇ ನೋಡು. ನೋಡೋಕ್ಕೆ ಬುದ್ಧಿವಂತನ ತರಾನೇ ಇದ್ದಾನೆ."

ಇಬ್ಬರೂ ನಕ್ಕರು. ಇಂಥ ವಿಷಯಗಳಲ್ಲಿ ಅವರಿಬ್ಬರೂ ಮೊದಲಿನಿಂದಲೂ ಒಂದು ಪಕ್ಷ.

ಮನೆ ಮನೆಯಾಗಿ ಉಳಿಯಲಿಲ್ಲ. ಮಂಚದ ಕೆಳಗೆ, ಬಟ್ಟೆಯ ಬೀರುವಿನ ಮೇಲೆ, ಎಲ್ಲೆಲ್ಲೂ ಹಳೆಯ ಪೇಪರಿನ ನಡುವೆ ಅದುಮಿಟ್ಟ ಗಿಡಗಳು. ಅವುಗಳ ಮೇಲೆ ಭಾರಕ್ಕೆ ನನ್ನ ಹಳೆಯ ಇಸ್ತ್ರಿಪೆಟ್ಟಿಗೆ. ಒಂದು ಸಲ ಅಮ್ಮನಿಗೆ ಕೆಮ್ಮು ಹತ್ತಿತು. ಸೊಸೆ ಬೆಟ್ಟದಿಂದ ತಂದು ಒಣಗಿಸಿಟ್ಟಿದ್ದ ಯಾವುದೋ ಘಮಘಮಿಸುವ ಸೊಪ್ಪನ್ನು ಅಮ್ಮ ಬಿಸಿನೀರಿಗೆ ಹಾಕಿ ಕುದಿಸಿ ಕುಡಿದುಬಿಟ್ಟಳು. ಸಂಜೆ ಇವಳು ಬಂದು ಖಾಲಿ ಪೇಪರ್ ನೋಡಿದಾಗ ಮನೆಯಲ್ಲಿ ರಾಮಾಯಣವಾಗುತ್ತದೆ ಎಂದು ನಾನು ಅಂಗಡಿಗೆ ಓಡುವ ದಾರಿ ಹುಡುಕುತ್ತಿದ್ದೆ. ಇವಳು ಲೋಟವನ್ನೆತ್ತಿ ಮೂಸಿದಳು. ಆಮೇಲೆ ಅಮ್ಮನ ಎದುರು ಕೂತು, "ಅತ್ತೆ, ಅದು ಕಹಿ ಇತ್ತಾ, ಖಾರ ಇತ್ತಾ? ನಾಲಿಗೆಗೆ ತಣ್ಣಗೆ ಹತ್ತಿತಾ?" ಎಂದು ಕೇಳಿದಳು.

"ಕೆಮ್ಮು ಒಂದು ಬಿಟ್ಟು ಮಿಕ್ಕಿದ್ದೆಲ್ಲ ಹೋಯ್ತು" ಎಂದಳು ಅಮ್ಮ.

ನಮ್ಮ ಬೀದಿಯವರು ಅವಳಿಗೆ 'ಸೊಪ್ಪಿನ ಮೇಡಂ' ಎಂದು ಹೆಸರಿಟ್ಟಿದ್ದರು. ನನಗೆ ಮೊದಮೊದಲು ಮೈ ಉರಿಯುತ್ತಿತ್ತು. ಆಮೇಲೆ ನಾನೇ ಗಿರಾಕಿಗಳಿಗೆ ಮನೆಯ ವಿಳಾಸ ಹೇಳುವಾಗ, "ಸೊಪ್ಪಿನ ಮೇಡಂ ಮನೆ ಅಂದ್ರೆ ಯಾರಾದ್ರೂ ತೋರಿಸ್ತಾರೆ" ಎನ್ನತೊಡಗಿದೆ.

ಇನ್ನು ಮೇಷ್ಟ್ರ ವಿಷಯ. ಇವಳಿಗೆ ಈ ವಿದ್ಯೆ ಕಲಿಸಿದವರು, ಹರ್ಬೇರಿಯಮ್ಮಿನಲ್ಲಿ ಕೆಲಸ ಕೊಡಿಸಿದವರು, ಮೊದಲ ಮಸೂರವನ್ನು ಕೈಗಿಟ್ಟವರು ಅವರೇ. ಪುದೀನದ ಕುಟುಂಬ ಎಂದರೆ ಅವರು ಎಂಬಷ್ಟು ಹೆಸರು. ಗಂಟುಮುಖದ, ಒಂಟಿಯಾಗಿ ಬದುಕುವ ಮನುಷ್ಯ. ಬಾಯಿಬಿಟ್ಟು ಹೊಗಳಿದರೆ ತಮ್ಮ ಗಂಟೇನೋ ಹೋಗುತ್ತದೆ ಎಂಬಂತೆ ಇರುತ್ತಿದ್ದರು. ಇವಳು ಅವರ ಕೈಕೆಳಗೆ ಕಲಿತು, ದುಡಿದು, ತಲೆಯಲ್ಲಿ ಬಿಳಿಕೂದಲು ಬಂದರೂ ಹೊರಗಿನವರು ಯಾರಾದರೂ ಬಂದರೆ ಅವರು ಪರಿಚಯ ಮಾಡಿಸುತ್ತಿದ್ದದ್ದು ಹೀಗೆ: "ಇವಳು ನಮ್ಮಲ್ಲಿ ಕೆಲಸ ಮಾಡೋ ಹುಡುಗಿ." ನನ್ನ ಶಿಷ್ಯೆ ಎಂಬ ಮಾತು ಒಂದು ದಿನವೂ ಅವರ ಬಾಯಿಂದ ಬಂದಿರಲಿಲ್ಲ. ಅವಳು ಅದಕ್ಕಾಗಿ ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ಅವಳು ಹೇಳಿಕೊಂಡಿರಲಿಲ್ಲ, ಪ್ರತಿ ಸಲ ಯಾರಾದರೂ ದೊಡ್ಡವರು ಬಂದುಹೋದ ದಿನ ಮನೆಗೆ ಬಂದವಳು ಕೋಟು ಬಿಚ್ಚಿ ಮೊಳೆಗೆ ಹಾಕುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಮೇಷ್ಟ್ರು ಚಿಕ್ಕವರಿದ್ದಾಗ ಒಂದು ಗಿಡಕ್ಕೆ ಹೆಸರಿಟ್ಟಿದ್ದರು. ಏಷ್ಯಾದ ಬೆಟ್ಟಗಳಲ್ಲಿ ಎಲ್ಲೋ ಅಪರೂಪಕ್ಕೆ ಸಿಗುವ ಮೂಲಿಕೆ. ಬೂದಿ ಬೆರೆತ ನೀಲಿಯ ಸಣ್ಣ ಹೂಗಳ ತೆನೆ. ಅದರ ಶಾಸ್ತ್ರೀಯ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ಮನೆಯಲ್ಲಿ ನಾವು ಅದನ್ನು ಬೂದುನೀಲಿ ಎನ್ನುತ್ತೇವೆ. ಬೆಟ್ಟ ಹತ್ತುವ ಯಾರೋ ಒಬ್ಬರು ಒಣಗಿದ ಒಂದು ಕಟ್ಟು ತಂದುಕೊಟ್ಟಿದ್ದರು, ಮೇಷ್ಟ್ರು ಅದರಲ್ಲಿ ಒಳ್ಳೆಯದೊಂದನ್ನು ಹಾಳೆಗೆ ಅಂಟಿಸಿ, ಹೂ ಬಿಚ್ಚಿ ನೋಡಿ, ಅದರ ಕುಲ ತೀರ್ಮಾನಿಸಿದ್ದರು. ಆ ಹಾಳೆಯೇ ಆ ಗಿಡದ ಮೂಲ ಹಾಳೆ. ಜಗತ್ತಿನಲ್ಲಿ ಯಾರಿಗೆ ಬೂದುನೀಲಿ ಸಿಕ್ಕಿದರೂ ಅದು ಹೌದೋ ಅಲ್ಲವೋ ಎಂದು ಆ ಹಾಳೆಗೆ ಹೋಲಿಸಿಯೇ ಹೇಳಬೇಕು. ಮೇಷ್ಟ್ರಿಗೆ ಹೆಸರು ತಂದದ್ದು ಅದೇ. ಆದರೆ ಆ ಗಿಡವನ್ನು ಜೀವಂತವಾಗಿ ಅವರು ಒಂದು ದಿನವೂ ನೋಡಿರಲಿಲ್ಲ.

ನನ್ನ ಹೆಂಡತಿ ನೋಡಿದಳು. ಬೆಟ್ಟಕ್ಕೆ ಹೋಗಿ ಬಂದವಳು ಮನೆಗೂ ಹೋಗದೆ ನೇರ ಅಂಗಡಿಗೆ ಬಂದು, ನನ್ನ ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಕೋಟಿನ ತುಂಬ ಮಣ್ಣು. ಇಂಥ ಗಿಡ ಸಿಕ್ಕಿದ ದಿನ ಅವಳು ಕುಣಿಯಬೇಕಿತ್ತು, ಆದರೆ ಮುಖದಲ್ಲಿ ರಕ್ತವಿರಲಿಲ್ಲ.

"ರೀ, ಬೂದುನೀಲಿ ಸಿಕ್ಕಿತು."

"ಸಿಕ್ಕಿದ್ರೆ ಒಳ್ಳೇದೇ ಅಲ್ವೇನೇ? ಯಾರೋ ಸತ್ತ ಹಾಗೆ ಕೂತಿದ್ದೀಯಲ್ಲ."

"ಅದು ನೆಟ್ಟಗೆ ಬೆಳೆಯಲ್ಲ ಕಣ್ರೀ. ಬಂಡೆಯ ಅಂಚಿನಿಂದ ಕೆಳಗೆ ನೇತಾಡುತ್ತೆ." ಬೆರಳು ಕೆಳಗೆ ಮಾಡಿ ಕೈ ಇಳಿಬಿಟ್ಟು ತೋರಿಸಿದಳು. "ಮೇಷ್ಟ್ರು ತುದಿ ಮೇಲೆ ಮಾಡಿ ಅಂಟಿಸಿದ್ದಾರೆ."

ನನಗೆ ಅರ್ಥವಾಗಲಿಲ್ಲ. ಅಂಟಿಸುವುದು ಹೇಗಾದರೇನು ಎಂದೆ. ಆಗ ಅವಳು ಸೀಮೆಸುಣ್ಣ ತೆಗೆದುಕೊಂಡು ನನ್ನ ಕತ್ತರಿಸುವ ಮೇಜಿನ ಮೇಲೆ, ಯಾರದೋ ಹೊಸ ಬಟ್ಟೆಯ ಪಕ್ಕದಲ್ಲೇ, ಹೂ ಬರೆದು ಹೇಳಿದಳು. ಆ ಕುಟುಂಬದ ಹೂವಿಗೆ ಎರಡು ತುಟಿ, ಮೇಲೊಂದು ಕೆಳಗೊಂದು. ತುಳಸಿಯ ಕಡೆಯವರಲ್ಲಿ ಪರಾಗ ಹೊತ್ತ ಕೇಸರಗಳು ಕೆಳತುಟಿಯ ಮೇಲೆ ಮಲಗಿರುತ್ತವೆ. ಬೇರೆ ಕೆಲವರಲ್ಲಿ ಮೇಲ್ತುಟಿಯ ಅಡಿಯಲ್ಲಿ, ಸೂರಿನ ಕೆಳಗೆ ನಿಂತಂತೆ ನಿಂತಿರುತ್ತವೆ. ಕುಲ ಹೇಳುವಾಗ ಮೊದಲು ನೋಡುವುದು ಇದನ್ನೇ. ಮೇಷ್ಟ್ರು ಹಾಳೆಯ ಮೇಲೆ ನೋಡಿದಾಗ ಕೇಸರಗಳು ಕೆಳಗಿದ್ದವು. ಹಾಗಾಗಿ ಬೂದುನೀಲಿಯನ್ನು ತುಳಸಿಯ ಕಡೆಗೆ ಸೇರಿಸಿದರು. ಆದರೆ ಗಿಡ ನೇತಾಡುವಂಥದ್ದು. ನೇತಾಡುವ ತೆನೆಯಲ್ಲಿ ಹೂವೂ ತಲೆಕೆಳಗಾಗಬೇಕಲ್ಲ? ಅದು ಒಪ್ಪುವುದಿಲ್ಲ. ಜೇನುಹುಳ ಬಂದು ಕೂರುವ ತುಟಿ ಕೆಳಗೇ ಇರಬೇಕೆಂದು ಕತ್ತನ್ನು ಅರ್ಧ ಸುತ್ತು ತಿರುಚಿಕೊಂಡು ನೆಟ್ಟಗಾಗುತ್ತದೆ. ಅಂಥ ಹೂವನ್ನು ಒಣಗಿಸಿ, ತುದಿ ಮೇಲೆ ಮಾಡಿ ಅಂಟಿಸಿದರೆ ಮೇಲ್ತುಟಿ ಕೆಳಗೆ ಬಂತು, ಅದರ ಜೊತೆಗೆ ಕೇಸರಗಳೂ ಬಂದವು. ಎರಡು ತುಟಿಗಳೂ ಹೆಚ್ಚುಕಡಿಮೆ ಒಂದೇ ತರಹ ಇರುವುದರಿಂದ ಯಾರಿಗೂ ಅನುಮಾನ ಬರಲಿಲ್ಲ.

"ಕತ್ತು ತಿರುಚಿದ್ದು ಹಾಳೆಯ ಮೇಲೆ ಕಾಣಲ್ವಾ?" ಎಂದೆ.

ಅವಳು ನನ್ನ ಇಸ್ತ್ರಿಪೆಟ್ಟಿಗೆ ತೋರಿಸಿದಳು. ಅಂಗಿಯ ತೋಳನ್ನು ತಿರುಚಿ ಇಸ್ತ್ರಿ ಹೊಡೆದುಬಿಟ್ಟರೆ ಚಪ್ಪಟೆಯಾಗಿ ಮುಚ್ಚಿಹೋಗುತ್ತದೆ, ಹಾಕಿಕೊಂಡಾಗಲೇ ಗೊತ್ತಾಗುವುದು. ಇದು ನನಗೆ ಥಟ್ಟನೆ ತಿಳಿಯಿತು. ಗಿಡ ಎಂದ ಮೇಲೆ ತುದಿ ಮೇಲಕ್ಕೇ ಇರುತ್ತದೆ ಎಂದು ಅಂಟಿಸಿದ ಒಂದು ಅಭ್ಯಾಸ, ಅಷ್ಟೇ. ಆ ಕಸುಬಿನವರು ಮಾತ್ರ ಮಾಡಬಹುದಾದ ತಪ್ಪು.

ಹರ್ಬೇರಿಯಮ್ಮಿನ ಮುಖ್ಯಸ್ಥರ ಮುಂದೆ ಅವಳು ವಿಷಯ ಇಟ್ಟಳು. ಅವರು ಕೆಟ್ಟವರೇನಲ್ಲ, ಲೆಕ್ಕಾಚಾರದ ಮನುಷ್ಯ. "ನೀವು ಬೆಟ್ಟದಲ್ಲಿ ನೋಡಿದ್ದು ಬೂದುನೀಲಿನೇ ಅಂತ ಹೇಗೆ ಹೇಳ್ತೀರಿ? ಬೇರೆ ಗಿಡ ಇರಬಹುದು. ಮೂಲ ಹಾಳೆಯ ಹೂವಲ್ಲೇ ತಿರುಚು ಇದೆ ಅಂತ ತೋರಿಸಿ, ಆಗ ಒಪ್ಪೋಣ" ಎಂದರು. ಮಾತು ನ್ಯಾಯವಾದದ್ದೇ. ತೊಂದರೆ ಎಂದರೆ ಮೂಲ ಹಾಳೆಯಲ್ಲಿ ಪೂರ್ತಿ ಅರಳಿದ ಹೂವು ಉಳಿದಿದ್ದದ್ದು ಒಂದೇ ಒಂದು. ಉಳಿದವು ಉದುರಿಹೋಗಿದ್ದವು, ಕೆಲವನ್ನು ಮೇಷ್ಟ್ರೇ ಹಿಂದೆ ಬಿಚ್ಚಿದ್ದರು. ಒಣಗಿದ ಹೂವನ್ನು ನೋಡಬೇಕಾದರೆ ಹಾಳೆಯಿಂದ ಬಿಡಿಸಿ, ಬಿಸಿನೀರಲ್ಲಿ ಮೆತ್ತಗೆ ಮಾಡಿ, ಸೂಜಿಯಿಂದ ಬಿಚ್ಚಬೇಕು. ಹರಿದರೆ ಹರಿಯಿತು. ಆಮೇಲೆ ಆ ಗಿಡದ ಮೂಲಕ್ಕೆ ಹೂವೇ ಇಲ್ಲ. ಅಷ್ಟಾಗಿಯೂ ಕತ್ತು ನೆಟ್ಟಗೇ ಇತ್ತೆಂದರೆ, ಗುರುವಿನ ತಪ್ಪು ಹುಡುಕಲು ಹೋಗಿ ಗುರುವಿನ ಕೊನೆಯ ಹೂವನ್ನು ಹಾಳು ಮಾಡಿದವಳು ಎಂಬ ಮಾತು ಅವಳ ಬೆನ್ನಿಗೆ ಬೀಳುತ್ತದೆ. ಸರಿ ಇದ್ದರೂ ಕಷ್ಟವೇ. ಮೇಷ್ಟ್ರು ಮುಖ ತಿರುಗಿಸಿದರೆಂದರೆ ಅವಳು ಅಷ್ಟು ವರ್ಷ ಕಾದ ಮಾತು ಇನ್ನು ಬರುವುದೇ ಇಲ್ಲ.

ಅವಳು ಸುಮ್ಮನಾಗಿಬಿಟ್ಟಳು. ಅದು ಅವಳ ಸ್ವಭಾವವಲ್ಲ. ಕೆಲಸದಿಂದ ಬಂದು ಅಂಗಡಿಯಲ್ಲಿ ಕೂತು, ನನ್ನ ಸೂಜಿಗಳಿಗೆಲ್ಲ ದಾರ ಪೋಣಿಸಿಡುತ್ತಿದ್ದಳು. ಇಷ್ಟೊಂದು ಸೂಜಿ ನನಗೆ ಯಾಕೆ ಎಂದರೂ ಕೇಳುತ್ತಿರಲಿಲ್ಲ. ಬೂದುನೀಲಿ ನನಗೆ ಸವತಿಯ ಹಾಗೆ ಆಗಿತ್ತು, ಗಂಡಸಿಗೂ ಸವತಿ ಇರಬಹುದಾದರೆ. ಊಟಕ್ಕೆ ಕೂತರೆ ಅದು, ಎದ್ದರೆ ಅದು.

ಕೊನೆಗೆ ಬಾಯಿಬಿಟ್ಟವಳು ನನ್ನ ಅಮ್ಮ. ಬಟ್ಟೆ ಮಡಿಸುತ್ತಾ, ತಲೆ ಎತ್ತದೆ ಹೇಳಿದಳು: "ನೋಡೇ, ನಿಮ್ಮ ಮೇಷ್ಟ್ರು ಅಂಗಿ ತಿರುವುಮುರುವಾಗಿ ಹಾಕ್ಕೊಂಡು ಬೀದೀಲಿ ಹೊರಟಿದ್ದಾರೆ ಅಂತ ಇಟ್ಕೋ. ನೀನು ಏನ್ಮಾಡ್ತೀಯ? ಗೌರವ ಅಂತ ಸುಮ್ನೆ ನೋಡ್ತಾ ನಿಂತ್ಕೋತೀಯಾ, ಹತ್ರ ಹೋಗಿ ಮೆಲ್ಲಗೆ ಹೇಳ್ತೀಯಾ?"

"ಹೇಳ್ತೀನಿ ಅತ್ತೆ."

"ಮತ್ತೆ ಹೋಗಿ ಹೇಳು. ಬೇರೆಯೋರು ನಗೋಕ್ಕೆ ಮುಂಚೆ ಹೇಳು."

ಮೇಷ್ಟ್ರ ಮನೆಗೆ ನಾವಿಬ್ಬರೂ ಹೋದೆವು. ಅವರಿಗೆ ಒಂದು ಕೋಟಿನ ಅಳತೆ ತೆಗೆಯಬೇಕಿತ್ತು ಎಂಬುದು ನೆಪ. ನಾನು ಟೇಪು ಹಿಡಿದೇ ಹೋಗಿದ್ದೆ. ಸಣ್ಣ ಮನೆ, ಗೋಡೆಯೆಲ್ಲ ಪುಸ್ತಕ, ಕೂರುವುದಕ್ಕೆ ಎರಡೇ ಕುರ್ಚಿ. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತೆ. ಅವಳು ಸುತ್ತಿಬಳಸದೆ ಹೇಳಿದಳು. ಬೆಟ್ಟದ ಗಿಡ, ನೇತಾಡುವುದು, ಕತ್ತು ತಿರುಚಿರುವುದು. ಕೊನೆಗೆ, "ಮೂಲ ಹಾಳೆಯ ಹೂವು ಬಿಚ್ಚೋಕ್ಕೆ ನಿಮ್ಮ ಅಪ್ಪಣೆ ಬೇಕು ಸರ್" ಎಂದಳು. ಅಪ್ಪಣೆ ಅವರು ಕೊಡಬೇಕೆಂದೇನೂ ಇರಲಿಲ್ಲ. ನಿವೃತ್ತರಾಗಿ ಎಷ್ಟೋ ಕಾಲವಾಗಿತ್ತು. ಅವಳು ಕೇಳಿದಳು.

ಮೇಷ್ಟ್ರ ಮುಖ ಕೆಂಪೇರಿತು. "ನಾನು ಎಷ್ಟು ಹೂ ಬಿಚ್ಚಿದ್ದೀನಿ ಗೊತ್ತಾ ನಿನಗೆ? ನಿನಗೆ ಚಿಮಟ ಹಿಡಿಯೋಕ್ಕೆ ಕಲಿಸಿದ್ದು ಯಾರು?"

"ನೀವೇ ಸರ್."

"ಕಣ್ಣಿಗೆ ಕಂಡಿದ್ದನ್ನ ಮಾತ್ರ ಹೇಳಬೇಕು ಅಂತ ಹೇಳಿಕೊಟ್ಟಿದ್ದು ಯಾರು?"

"ಅದೂ ನೀವೇ. ಅದಕ್ಕೇ ಬಂದೆ."

ಸಿಟ್ಟಿನ ಮನುಷ್ಯರ ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ, ನಾನೂ ಆ ಜಾತಿಯವನೇ. ಈಗ ಎದ್ದು ಹೋಗಿ ಎನ್ನುತ್ತಾರೆ ಎಂದುಕೊಂಡೆ. ಅವರು ನನ್ನ ಕಡೆ ತಿರುಗಿದರು.

"ಟೈಲರ್ರೇ, ಅಳತೆ ತಗೊಳ್ಳಿ. ಹೊಸ ಕೋಟು ಬೇಕು ನನಗೆ. ಅಲ್ಲಿಗೆ ಬರ್ತೀನಿ. ನನ್ನ ಕಣ್ಣೆದುರಿಗೇ ಬಿಚ್ಚಲಿ ಇವಳು."

ಆ ಕೋಟನ್ನು ನಾನು ಯಾವ ಮದುಮಗನಿಗೂ ಹೊಲಿಯದಷ್ಟು ಮನಸ್ಸಿಟ್ಟು ಹೊಲಿದೆ. ಗೆದ್ದರೂ ಸೋತರೂ ಮನುಷ್ಯ ಮರ್ಯಾದೆಯಾಗಿ ಕಾಣಬೇಕು.

ಹೂ ಬಿಚ್ಚುವ ಬೆಳಗ್ಗೆ ಮೇಷ್ಟ್ರು ನನ್ನ ತೋಳು ಹಿಡಿದುಕೊಂಡೇ ಮೆಟ್ಟಿಲು ಹತ್ತಿದರು, ಹಾಗಾಗಿ ನನಗೂ ಒಳಗೆ ಜಾಗ ಸಿಕ್ಕಿತು. ಮುಖ್ಯಸ್ಥರು ಇದ್ದರು, ಇನ್ನೂ ಒಂದಿಷ್ಟು ಜನ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಕಿಟಕಿಯ ಪಕ್ಕದ ಮೇಜಿನ ಮೇಲೆ ಮೂಲ ಹಾಳೆ. ಅದನ್ನು ನಾನು ಅವತ್ತೇ ಮೊದಲು ನೋಡಿದ್ದು. ಕಂದು ತಿರುಗಿದ ಕಡ್ಡಿ, ಪುಡಿಯಾಗುವಂಥ ಎಲೆಗಳು, ತೆನೆಯ ನಡುವೆ ಉಳಿದ ಆ ಒಂದು ಹೂವು, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಇಷ್ಟಕ್ಕೆ ಇಷ್ಟೆಲ್ಲ ರಂಪವೇ ಎಂದು ಒಂದು ಕ್ಷಣ ಅನ್ನಿಸಿತು. ಮರುಕ್ಷಣ ಹೆಂಡತಿಯ ಮುಖ ನೋಡಿ ಆ ಯೋಚನೆಯನ್ನು ನುಂಗಿಕೊಂಡೆ.

ಅವಳು ಸಣ್ಣ ಗಾಜಿನ ಬಟ್ಟಲಲ್ಲಿ ನೀರು ಕಾಯಿಸಿದಳು. ಕುಂಚದ ತುದಿಯಿಂದ ಹೂವಿನ ಬುಡಕ್ಕೆ ಒಂದು ಹನಿ ಬಿಟ್ಟಳು, ಹಳೆಯ ಅಂಟು ಇಳಿಯಲಿ ಎಂದು. ಕಾದಳು. ಇನ್ನೊಂದು ಹನಿ ಬಿಟ್ಟಳು. ಹೂವು ಕದಲಲಿಲ್ಲ. ಯಾರೋ ಕೆಮ್ಮಿದರು, ನಾನು ಕಣ್ಣು ಬಿಟ್ಟು ಸುಮ್ಮನಾಗಿಸಿದೆ. ನಾನು ಹಳೆಯ ಹೊಲಿಗೆ ಬಿಚ್ಚುವಾಗ ಆತುರ ಪಟ್ಟರೆ ಬಟ್ಟೆ ಹರಿಯುತ್ತದೆ ಎಂದು ಬಲ್ಲವನು. ಆದರೂ ಅವಳಷ್ಟು ತಾಳ್ಮೆ ನನಗಿಲ್ಲ, ಇದ್ದಿದ್ದರೆ ನಾನೂ ದೊಡ್ಡ ಮನುಷ್ಯನಾಗುತ್ತಿದ್ದೆ. ಮತ್ತೊಂದು ಹನಿ. ಈ ಸಲ ಹೂವು ಚಿಮಟಕ್ಕೆ ಬಂತು. ಅದನ್ನು ಬಿಸಿನೀರಿಗೆ ಬಿಟ್ಟಳು. ಎಷ್ಟೋ ಕಾಲದಿಂದ ಚಪ್ಪಟೆಯಾಗಿ ಮಲಗಿದ್ದದ್ದು ನಿಧಾನವಾಗಿ ನೀರು ಕುಡಿದು ಉಬ್ಬಿತು, ಕತ್ತಿನ ಕೊಳವೆ ದುಂಡಗಾಯಿತು, ಬಣ್ಣದಲ್ಲಿ ಎಲ್ಲೋ ಒಂದಿಷ್ಟು ನೀಲಿ ಕಂಡ ಹಾಗಾಯಿತು.

ಅವಳು ಅದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗಿದಳು. ಕೋಟಿನ ಬೆನ್ನ ಜೇಬು ನನ್ನ ಕಣ್ಣೆದುರು ಇತ್ತು. ಆ ಗುಂಡಿ ಇನ್ನೂ ಗಟ್ಟಿಯಾಗಿದೆ ಎಂದು ನೋಡಿಕೊಂಡೆ, ಬೇರೆ ಏನು ಮಾಡಲೂ ತೋಚದೆ. ಅವಳ ಬೆನ್ನು ಅಲುಗಲಿಲ್ಲ. ಸೂಜಿಯಿಂದ ಒಂದು ಸಲ ಹೂವನ್ನು ಹೊರಳಿಸಿದಳು. ಆಮೇಲೆ ಎದ್ದು ಕುರ್ಚಿಯನ್ನು ಮೇಷ್ಟ್ರಿಗೆ ಬಿಟ್ಟುಕೊಟ್ಟಳು.

"ನೀವೇ ನೋಡಿ ಸರ್."

ಮೇಷ್ಟ್ರು ಕೂತರು. ನೋಡಿದರು. ನನಗೆ ಆಮೇಲೆ ಅವಳು ಹೇಳಿದ್ದು: ಹೂವಿನ ಕತ್ತಿನಲ್ಲಿ ಸಣ್ಣ ನರಗಳಿರುತ್ತವೆ, ಕತ್ತು ನೆಟ್ಟಗಿದ್ದರೆ ಅವೂ ನೆಟ್ಟಗೆ ಹೋಗುತ್ತವೆ. ಇಲ್ಲಿ ಅವು ಕತ್ತನ್ನು ಅರ್ಧ ಸುತ್ತು ಬಳಸಿಕೊಂಡು ಹೋಗಿದ್ದವು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಅವಳು ಕಂಡಿದ್ದು ಸರಿ. ಒಂದು ದಳವೂ ಹರಿದಿರಲಿಲ್ಲ.

ತಲೆ ಎತ್ತಿದ ಮೇಷ್ಟ್ರು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಇದನ್ನ ಅಂಟಿಸಿದ ದಿನ ನನಗೆ ನೆನಪಿದೆ. ತೆನೆ ಬಾಗಿತ್ತು. ಮತ್ತೆ ಮತ್ತೆ ಕೆಳಗೆ ಬೀಳ್ತಿತ್ತು. ನಾನೇ ಎಳೆದು ನೆಟ್ಟಗೆ ಮಾಡಿ ಅಂಟಿಸಿದೆ" ಎಂದರು. "ಗಿಡ ಹೇಳ್ತಾನೇ ಇತ್ತು. ನಾನು ಕೇಳಿಸ್ಕೊಳ್ಳಲಿಲ್ಲ."

ನನ್ನ ಹೆಂಡತಿಯ ಕಣ್ಣು ತುಂಬಿಬಂತು. ಗೆದ್ದವಳು ಅವಳು, ಅಳುವವಳೂ ಅವಳೇ. ಮುಖ್ಯಸ್ಥರು ಸಮಾಧಾನ ಮಾಡುವವರಂತೆ, "ಗಿಡದ ಕುಲ ಬದಲಾದ್ರೂ ನಿಮ್ಮ ಹೆಸರು ಹೋಗಲ್ಲ ಸರ್. ಕಂಸದೊಳಗೆ ನಿಮ್ಮ ಹೆಸರು, ಹೊರಗೆ ಇವರ ಹೆಸರು" ಎಂದರು. ಅದು ಅವರಲ್ಲಿ ನಿಯಮವಂತೆ: ಗಿಡವನ್ನು ಬೇರೆ ಕುಲಕ್ಕೆ ಸೇರಿಸಿದರೂ ಮೊದಲು ಹೆಸರಿಟ್ಟವರನ್ನು ಕೈಬಿಡುವ ಹಾಗಿಲ್ಲ, ಕಂಸದಲ್ಲಿ ಕೂರಿಸಬೇಕು.

"ನಿಯಮ ನನಗೆ ಹೇಳಬೇಡಿ" ಎಂದು ಮೇಷ್ಟ್ರು ಗದರಿಸಿದರು. ಆಮೇಲೆ ಸ್ವಲ್ಪ ಮೆತ್ತಗಾಗಿ, "ವಯಸ್ಸಾದೋನಿಗೆ ಕಂಸ ಒಳ್ಳೇದೇ. ಎರಡೂ ಕಡೆ ಹಿಡ್ಕೊಳ್ಳೋಕ್ಕೆ ಕಂಬಿ ಇರುತ್ತೆ" ಎಂದರು. ನಗಬಹುದೋ ಬಾರದೋ ಎಂದು ಎಲ್ಲರೂ ಮುಖಮುಖ ನೋಡಿಕೊಂಡರು. ಮೊದಲು ನಕ್ಕವನು ನಾನು, ನನಗೆ ಅಲ್ಲಿ ಕಳೆದುಕೊಳ್ಳುವುದು ಏನೂ ಇರಲಿಲ್ಲವಲ್ಲ.

ಅವತ್ತು ಅಷ್ಟೆಲ್ಲ ಆದರೂ ಅವಳು ಕಾಯುತ್ತಿದ್ದ ಆ ಮಾತು ಬರಲಿಲ್ಲ. ಮೆಟ್ಟಿಲು ಇಳಿಯುವಾಗ ಮೇಷ್ಟ್ರು ನನ್ನ ತೋಳನ್ನೇ ಹಿಡಿದಿದ್ದರು, ಅವಳ ಕಡೆ ನೋಡದೆ, "ಹುಡುಗಿ, ಕೈ ನಡುಗಲಿಲ್ಲ ನಿಂದು" ಎಂದರು, ಅಷ್ಟೇ. ಮನೆಗೆ ಬಂದು ಅವಳು ಕೋಟನ್ನು ಮೊಳೆಗೆ ಹಾಕಿದ್ದು ನೋಡಿದೆ. ಅಮ್ಮ, "ಒಪ್ಪಿಕೊಂಡ್ರಾ?" ಎಂದು ಕೇಳಿದಳು. "ಒಪ್ಪಿಕೊಂಡ್ರು ಅತ್ತೆ." "ಮತ್ತೆ ಯಾಕೆ ಮುಖ ಹೀಗೆ?" ನನಗೆ ಮೇಷ್ಟ್ರ ಮೇಲೆ ಎಂಥ ಸಿಟ್ಟು ಬಂತೆಂದರೆ, ಹೊಲಿದ ಕೋಟನ್ನು ವಾಪಸ್ಸು ಕೇಳಬೇಕು ಅನ್ನಿಸಿತು.

ಬೆಟ್ಟದಿಂದ ತಂದ ಬೂದುನೀಲಿಯನ್ನು ಅವಳು ಹೊಸ ಹಾಳೆಗೆ ಅಂಟಿಸಿದಳು. ಬುಡ ಮೇಲೆ, ತೆನೆ ಕೆಳಗೆ, ಬಂಡೆಯಿಂದ ಹೇಗೆ ಇಳಿದಿತ್ತೋ ಹಾಗೇ. ಗಿಡದ ಹೆಸರು, ಊರು ಬರೆದ ಚೀಟಿಯನ್ನು ಮಾತ್ರ ಓದುವುದಕ್ಕೆ ನೇರವಾಗಿ ಹಚ್ಚಿದಳು. ಆ ಕಟ್ಟಡದ ಲೆಕ್ಕವಿಲ್ಲದಷ್ಟು ಹಾಳೆಗಳಲ್ಲಿ ಹಾಗೆ ತಲೆಕೆಳಗಾಗಿ ನೇತಾಡುವುದು ಅದೊಂದೇ ಎಂದು ಅಲ್ಲಿಯವರೇ ಹೇಳುತ್ತಾರೆ. ಹೊಸ ಕುಲದ ಬೀರುವಿನಲ್ಲಿ, ಮೇಷ್ಟ್ರ ಹಾಳೆಯ ಪಕ್ಕದಲ್ಲೇ ಅದನ್ನಿಟ್ಟರು.

ಕೆಲವು ತಿಂಗಳ ಮೇಲೆ ಬೇರೆ ದೇಶದಿಂದ ಒಂದು ಗುಂಪು ಆ ಹಾಳೆಗಳನ್ನು ನೋಡಲೆಂದೇ ಬಂತು. ಮೇಷ್ಟ್ರನ್ನೂ ಕರೆದಿದ್ದರು, ಅವರನ್ನು ಕರೆದುಕೊಂಡು ಹೋಗುವ ಕೆಲಸ ಮತ್ತೆ ನನಗೇ ಬಂತು. ಅವರು ನಾನು ಹೊಲಿದ ಕೋಟನ್ನೇ ಹಾಕಿದ್ದರು. ಭುಜ ಚೆನ್ನಾಗಿ ಕೂತಿತ್ತು. ನನ್ನ ಹೆಂಡತಿ ಬೀರು ತೆಗೆದು ಹೊಸ ಹಾಳೆಯನ್ನು ಮೇಜಿನ ಮೇಲಿಟ್ಟು, ಸ್ವಲ್ಪ ಹಿಂದೆ ಸರಿದು ನಿಂತಳು. ಬಂದವರಲ್ಲಿ ಹಿರಿಯರೊಬ್ಬರು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕಣ್ಣು ಕಿರಿದು ಮಾಡಿ ನೋಡಿ, ಯಾರೋ ಮರೆತು ತಪ್ಪಾಗಿ ಇಟ್ಟಿದ್ದಾರೆ ಎಂಬಂತೆ ಹಾಳೆಯನ್ನು ತಿರುಗಿಸಲು ಹೊರಟರು.

ಮೇಷ್ಟ್ರು ನನ್ನ ತೋಳು ಬಿಟ್ಟರು. ಯಾರ ಆಸರೆಯೂ ಇಲ್ಲದೆ ಮೇಜಿನ ತನಕ ನಡೆದು ಹೋಗಿ, ಆ ಹಾಳೆಯ ಮೇಲೆ ಕೈಯಿಟ್ಟರು.

"ತಿರುಗಿಸಬೇಡಿ" ಎಂದರು. "ಅದು ಸರಿಯಾಗೇ ಇದೆ. ಅಂಟಿಸಿರೋದು ನನ್ನ ಶಿಷ್ಯೆ."